ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಬೇಕಾ, ಹೊರಗೆ ಬಿಡಬೇಕಾ? ಊರಿಂದ ಬೆಂಗಳೂರಿಗೆ ಬಂದವರು ಹೇಳಿ

ಸಾಗರದ_ಸೊಸೆ

ನಮಸ್ಕಾರ. ಸಾಗರದ ಕಡೆಯ ಹಳ್ಳಿ ಮನೆಯಿಂದ ಬೆಂಗಳೂರಿಗೆ ಬಂದಿದ್ದೇವೆ. ಬಾಡಿಗೆ ಮನೆ, ಮೂರನೇ ಮಹಡಿ. ಜೊತೆಗೆ ನಮ್ಮ ಗಂಡುಬೆಕ್ಕು ಕೆಂಚನೂ ಬಂದಿದ್ದಾನೆ. ಎರಡು ವರ್ಷ ತುಂಬಿದೆ, ಆಪರೇಷನ್ ಆಗಿಲ್ಲ. ಊರಲ್ಲಿ ಅವನಿಗೆ ಬಾಗಿಲು ಹಾಕಿದ್ದೇ ಗೊತ್ತಿಲ್ಲ. ಬೆಳಿಗ್ಗೆ ಹೊರಟರೆ ಕೊಟ್ಟಿಗೆ, ತೋಟ ಎಲ್ಲ ಸುತ್ತಿ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದ. ರಾತ್ರಿ ಬಚ್ಚಲ ಒಲೆಯ ಪಕ್ಕ ಮಲಗುತ್ತಿದ್ದ.

ಇಲ್ಲಿ ಮುಂಬಾಗಿಲ ಹತ್ತಿರ ಕೂತು ಒಂದೇ ಸಮ ಕೂಗುತ್ತಾನೆ. ಸಂಜೆ ಶುರುವಾದರೆ ಬೆಳಗಿನ ಜಾವದವರೆಗೂ ಬಿಡುವಿಲ್ಲ. ಕೆಳಗಿನ ಮನೆಯವರು ಬಂದು "ಮಗು ಅಳ್ತಾ ಇದೆಯಾ?" ಅಂತ ವಿಚಾರಿಸಿ ಹೋದರು. ಪರದೆ, ಸೋಫಾ, ಯಜಮಾನರ ಲ್ಯಾಪ್‌ಟಾಪ್ ಬ್ಯಾಗು, ಎಲ್ಲದರ ಮೇಲೂ ಉಚ್ಚೆ ಹಾರಿಸಿದ್ದಾನೆ.

ಮನೆಯಲ್ಲಿ ಎರಡು ಪಕ್ಷ ಆಗಿದೆ. ಅತ್ತೆ, "ಪ್ರಾಣಿಯನ್ನ ಕೂಡಿ ಹಾಕಿದರೆ ಪಾಪ ಸುತ್ತಿಕೊಳ್ಳುತ್ತೆ, ಬಿಡಿ, ಅದರ ದಾರಿ ಅದು ನೋಡಿಕೊಳ್ಳುತ್ತೆ" ಅನ್ನುತ್ತಾರೆ. ಯಜಮಾನರು, "ಇಳಿದರೆ ಬೀದಿ ತುಂಬ ನಾಯಿ, ಒಂದು ವಾರ ಉಳಿಯಲ್ಲ" ಅನ್ನುತ್ತಾರೆ. ನನಗೆ ಇಬ್ಬರದೂ ಸರಿ ಅನ್ನಿಸುತ್ತೆ. ಅನುಭವ ಇದ್ದವರು ಹೇಳಿ.

ಅಡಿಕೆತೋಟ

ತಂಗೀ, ನಿಮ್ಮ ಅತ್ತೆ ಹೇಳಿದ್ದೇ ಸರಿ. ನಮ್ಮದು ತೀರ್ಥಹಳ್ಳಿ ಹತ್ತಿರ. ಅಟ್ಟದ ಮೇಲೆ ಅಕ್ಕಿ ಮೂಟೆ, ಸುಲಿದ ಅಡಿಕೆ, ಒಣಕೊಬ್ಬರಿ ಇರುತ್ತೆ. ಬೆಕ್ಕಿಲ್ಲದೆ ಒಂದು ಮಳೆಗಾಲ ಕಳೆದು ನೋಡಿ, ಇಲಿ ಹಿಕ್ಕೆ ಗುಡಿಸಿ ಗುಡಿಸಿ ಸಾಕಾಗುತ್ತೆ. ಪಾಷಾಣ ಇಟ್ಟರೆ ಇಲಿ ಹೋಗಿ ಗೋಡೆ ಸಂದಿಯಲ್ಲಿ ಸಾಯುತ್ತೆ, ಆಮೇಲೆ ಮನೆ ತುಂಬ ನಾತ.

ಹೊರಗೆ ಹೋದ ಬೆಕ್ಕು ಸಾಯುವುದಿಲ್ವಾ ಅಂದರೆ, ಸಾಯುತ್ತವೆ. ಚಿರತೆ ಒಯ್ದಿದೆ. ಕೊಳಕುಮಂಡಲ ಕಚ್ಚಿದೆ. ಮುದಿಯಾಗಿ ಸತ್ತ ಬೆಕ್ಕು ನಮ್ಮ ಮನೆಯಲ್ಲಿ ಕಮ್ಮಿಯೇ. ಆದರೆ ಇದ್ದಷ್ಟು ದಿನ ಬೆಕ್ಕಾಗಿ ಇದ್ದವು. ಸೋಫಾ ಮೇಲೆ ಹದಿನೈದು ವರ್ಷ ಕೊಬ್ಬಿ ಕೂರುವುದು ಬೆಕ್ಕಿಗೂ ಬೇಕಾಗಿಲ್ಲ, ನಮಗೂ ಬೇಕಾಗಿಲ್ಲ.

ಮೂರನೇ_ಮಹಡಿ

ಅಣ್ಣಾ, ನಿಮ್ಮ "ಹೊರಗೆ" ಅಂದರೆ ಅಂಗಳ, ತೋಟ, ಹಳ್ಳ. ನಮ್ಮ "ಹೊರಗೆ" ಅಂದರೆ ಲಿಫ್ಟು, ಪಾರ್ಕಿಂಗು, ನೀರಿನ ಟ್ಯಾಂಕರ್ ಹಿಂದಕ್ಕೆ ತಗೊಳ್ಳುವ ಜಾಗ. ಮೂರನೇ ಮಹಡಿಯಿಂದ ಬೆಕ್ಕನ್ನು "ಬಿಡೋದು" ಹೇಗೆ ಹೇಳಿ? ದಿನಾ ಬೆಳಿಗ್ಗೆ ಕೆಳಗೆ ಬಿಟ್ಟು ಬಂದರೆ ಸಂಜೆ ಬೆಲ್ ಒತ್ತುತ್ತಾ?

ಕುಂದಾಪುರದವ

ನಮ್ಮಲ್ಲಿ ಮೀನು ಪೇಟೆಯ ಬೆಕ್ಕುಗಳನ್ನು ನೋಡಬೇಕು ನೀವು. ಒಂದೊಂದೂ ಕರುವಿನಷ್ಟು ದಪ್ಪ. ಒಳಗೆ ಕರೆದರೂ ಬರುವುದಿಲ್ಲ.

ಪಶುವೈದ್ಯೆ_ಹುಬ್ಬಳ್ಳಿ

ಸಾಗರದ ಅಕ್ಕಾ, ಒಳಗೆ ಹೊರಗೆ ಅನ್ನುವ ಪ್ರಶ್ನೆ ಆಮೇಲೆ ನೋಡೋಣ. ಮೊದಲು ಕೆಂಚನ ಆಪರೇಷನ್ ಮಾಡಿಸಿ. ನೀವು ಬರೆದಿರುವುದರಲ್ಲಿ ಮುಕ್ಕಾಲು ಪಾಲು ಬಾಗಿಲು ಮುಚ್ಚಿದ್ದಕ್ಕೆ ಬಂದ ದುಃಖ ಅಲ್ಲ. ಸುತ್ತಮುತ್ತ ಎಲ್ಲೋ ಒಂದು ಹೆಣ್ಣು ಬೆದೆಗೆ ಬಂದಿದೆ, ಇವನಿಗೆ ವಾಸನೆ ಸಿಕ್ಕಿದೆ. ರಾತ್ರಿಯಿಡೀ ಕೂಗುವುದು, ನಿಂತುಕೊಂಡು ಬಾಲ ನಡುಗಿಸಿ ಗೋಡೆಗೆ ಉಚ್ಚೆ ಹಾರಿಸುವುದು, ಇವೆಲ್ಲ ಬೀಜ ಇರುವ ಗಂಡಿನ ಲಕ್ಷಣ. ಆಪರೇಷನ್ ಆದ ತಕ್ಷಣ ನಿಲ್ಲುವುದಿಲ್ಲ. ಮೈಯಲ್ಲಿರುವ ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಬಹುಪಾಲು ಗಂಡುಗಳಲ್ಲಿ ಆಮೇಲೆ ಕಮ್ಮಿಯಾಗುತ್ತೆ.

ಇನ್ನು ಹೊರಗೆ ಓಡಾಡುವ ಬೆಕ್ಕು ನನ್ನ ಟೇಬಲ್ ಮೇಲೆ ಯಾವ ಯಾವ ರೂಪದಲ್ಲಿ ಬರುತ್ತೆ ಅಂತ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಜಾಸ್ತಿ, ಜಗಳದ ಗಾಯ. ಬೆಕ್ಕಿನ ಹಲ್ಲು ಸೂಜಿಯಷ್ಟು ಚೂಪು. ಮೇಲೆ ಸಣ್ಣ ತೂತು ಕಾಣುತ್ತೆ, ಅದು ಮುಚ್ಚಿಕೊಂಡು ಒಳಗೆ ಕೀವು ತುಂಬುತ್ತೆ. ಆಮೇಲೆ ಕೆನ್ನೆ ಊದಿಸಿಕೊಂಡು, ಜ್ವರದಲ್ಲಿ ಬರುತ್ತವೆ. ಅದೇ ಕಚ್ಚಾಟದಲ್ಲಿ ಎಫ್‌ಐವಿ ಅನ್ನುವ ವೈರಸ್ಸೂ ಹರಡುತ್ತೆ, ಅದಕ್ಕೆ ಔಷಧಿ ಇಲ್ಲ. ನಂತರ ನಾಯಿ ಕಚ್ಚಿದ್ದು. ಮೇಲಿನ ಚರ್ಮ ಹೆಚ್ಚು ಹರಿದಿರುವುದಿಲ್ಲ, ಒಳಗೆ ಪಕ್ಕೆಲುಬು ಪುಡಿಯಾಗಿರುತ್ತೆ. ಆಮೇಲೆ ವಿಷದ ಇಲಿ ತಿಂದವು, ಗಾಡಿಗೆ ಸಿಕ್ಕವು.

ಲಸಿಕೆಯ ವಿಷಯ. ಪ್ಯಾನ್‌ಲ್ಯೂಕೋಪೀನಿಯಾ ಅಂತ ಒಂದು ರೋಗ ಇದೆ, ವಾಂತಿ ಭೇದಿಯಾಗಿ ಮರಿಗಳು ಎರಡು ಮೂರು ದಿನದಲ್ಲಿ ಹೋಗಿಬಿಡುತ್ತವೆ. 2025ರ ಆರಂಭದಲ್ಲಿ ರಾಯಚೂರಿನಲ್ಲಿ ಇದೇ ಹರಡಿದ್ದು ಪೇಪರಿನಲ್ಲಿ ಬಂದಿತ್ತು. ಈ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಜೀವಂತ ಇರುತ್ತೆ, ನಿಮ್ಮ ಚಪ್ಪಲಿಗೆ ಅಂಟಿಕೊಂಡೂ ಮನೆಗೆ ಬರುತ್ತೆ. ಹಾಗಾಗಿ "ನಮ್ಮದು ಹೊರಗೇ ಹೋಗಲ್ಲ, ಲಸಿಕೆ ಯಾಕೆ" ಅನ್ನುವ ಹಾಗಿಲ್ಲ. ರೇಬೀಸ್ ಲಸಿಕೆಯಂತೂ ಬಿಡಲೇಬೇಡಿ.

ಅಡಿಕೆತೋಟ

ಡಾಕ್ಟ್ರೇ, ಬೀಜ ತೆಗೆಸಿದ ಬೆಕ್ಕು ಇಲಿ ಹಿಡಿಯುತ್ತಾ? ಎತ್ತಿಗೆ ಶೀಲ ಮಾಡಿಸಿದರೆ ಸಾಧು ಆಗುತ್ತೆ. ಬೆಕ್ಕು ಸಾಧು ಆದರೆ ನನಗೇನು ಪ್ರಯೋಜನ?

ಪಶುವೈದ್ಯೆ_ಹುಬ್ಬಳ್ಳಿ

ಹಿಡಿಯುತ್ತೆ ಸರ್. ಬೇಟೆಗೂ ಬೀಜಕ್ಕೂ ಸಂಬಂಧ ಇಲ್ಲ. ಬೀಜ ಇರುವ ಗಂಡು ಹೆಣ್ಣಿನ ಹಿಂದೆ ಊರು ಸುತ್ತುತ್ತೆ. ಇಲ್ಲದ್ದು ನಿಮ್ಮ ಅಟ್ಟದಲ್ಲೇ ಇರುತ್ತೆ. ನಿಮಗೇ ಲಾಭ.

ಹಕ್ಕಿನೋಟ

ಎಲ್ಲರೂ ಬೆಕ್ಕಿಗೆ ಏನಾಗುತ್ತೆ ಅಂತಲೇ ಮಾತಾಡುತ್ತಿದ್ದೀರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ. ಇಲಿ ಬಿಡಿ, ಹಕ್ಕಿಗಳ ಕಡೆಯಿಂದ ಯಾರೂ ಮಾತಾಡಲಿಲ್ಲ.

ಮೈಸೂರಿನಲ್ಲಿ ನಮ್ಮ ಮನೆ ಹಿಂದೆ ಒಂದು ಸೀಬೆ ಮರ, ಒಂದು ದಾಸವಾಳದ ಸಾಲು. ಮಡಿವಾಳ ಹಕ್ಕಿ, ಪಿಕಳಾರ, ಟುವ್ವಿ, ಸೂರಕ್ಕಿ ಎಲ್ಲ ಗೂಡು ಕಟ್ಟುತ್ತವೆ. ಪಿಕಳಾರದ ಮರಿಗಳು ಗೂಡು ಬಿಟ್ಟ ಮೇಲೆ ಒಂದೆರಡು ದಿನ ಸರಿಯಾಗಿ ಹಾರಲು ಬರದೆ ಪೊದೆಯ ಬುಡದಲ್ಲಿ ಕುಪ್ಪಳಿಸುತ್ತಿರುತ್ತವೆ. ಪಕ್ಕದ ಮನೆಯ ಬೆಕ್ಕು ಆ ಹೊತ್ತಿಗೇ ಕಾಯುತ್ತೆ. ಹಸಿವಿಗಲ್ಲ, ಅದರ ತಟ್ಟೆಯಲ್ಲಿ ಊಟ ಹಾಗೇ ಇರುತ್ತೆ. ಕೊಂದು, ಸ್ವಲ್ಪ ಹೊತ್ತು ಉರುಳಿಸಿ ಆಡಿ, ಬಿಟ್ಟು ಹೋಗುತ್ತೆ. ಹಾವುರಾಣಿ, ಓತಿಕ್ಯಾತ, ಅಳಿಲು, ಯಾವುದನ್ನೂ ಬಿಡುವುದಿಲ್ಲ.

ಅಮೆರಿಕದಲ್ಲಿ 2013ರಲ್ಲಿ ಒಂದು ಲೆಕ್ಕ ಹಾಕಿದರು. ಹೊರಗೆ ಓಡಾಡುವ ಬೆಕ್ಕುಗಳು ಅಲ್ಲಿ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ಹಾರಲು ಬಾರದ ಒಂದು ಪುಟ್ಟ ಹಕ್ಕಿ ಇತ್ತು. 1894ರ ಹೊತ್ತಿಗೆ ದೀಪಸ್ತಂಭ ಬಂತು, ನೋಡಿಕೊಳ್ಳಲು ಜನ ಬಂದರು, ಜೊತೆಗೆ ಬೆಕ್ಕು ಬಂತು. ಕೆಲವೇ ವರ್ಷದಲ್ಲಿ ಆ ಹಕ್ಕಿಯ ವಂಶವೇ ಮುಗಿಯಿತು.

ಗಾಂಧಿಬಜಾರ್

ಹಕ್ಕಿನೋಟ ಸರ್, ಆ 400 ಕೋಟಿಯಲ್ಲಿ ಬಹುಪಾಲು ಕೊಂದದ್ದು ಮಾಲೀಕರಿಲ್ಲದ ಬೆಕ್ಕುಗಳು ಅಂತ ಅದೇ ಅಧ್ಯಯನ ಹೇಳುತ್ತೆ, ಅದನ್ನೂ ಹೇಳಿ. ಇನ್ನು ಬೆಂಗಳೂರಿನ ಕಥೆ. ನಮ್ಮ ರಸ್ತೆಯಲ್ಲಿ ಹಂಚಿನ ಮನೆಗಳನ್ನೆಲ್ಲ ಕೆಡವಿ ಮೇಲಿಂದ ಕೆಳಗೆ ಗಾಜು ಹಾಕಿದರು, ಹಿತ್ತಲಿಗೆ ಸಿಮೆಂಟು ಸುರಿದರು. ಗುಬ್ಬಚ್ಚಿ ಗೂಡು ಕಟ್ಟಲು ಒಂದು ಸಂದಿ ಉಳಿಯಲಿಲ್ಲ. ಈಗ ಇರುವುದು ಪಾರಿವಾಳ ಮಾತ್ರ. ಬೆಕ್ಕಿನ ಮೇಲೆ ಗೂಬೆ ಕೂರಿಸುವುದು ಸುಲಭ, ಬಿಲ್ಡರ್ ಮೇಲೆ ಕೂರಿಸಿ ನೋಡೋಣ.

ಹಕ್ಕಿನೋಟ

ಬಿಲ್ಡರ್ ಮೇಲೂ ಕೂರಿಸುತ್ತೇನೆ. ಜಾಗ ಕಮ್ಮಿಯಾಗಿದೆ ಅನ್ನುವ ಕಾರಣಕ್ಕೇ ಉಳಿದ ನಾಲ್ಕು ಗೂಡಿನ ಮೇಲೆ ಬೆಕ್ಕು ಬಿಡಬೇಡಿ ಅನ್ನುವುದು. ಮಾಲೀಕರಿಲ್ಲದ ಬೆಕ್ಕು ಎಲ್ಲಿಂದ ಬಂತು? ಆಪರೇಷನ್ ಮಾಡಿಸದೆ ಹೊರಗೆ ಬಿಟ್ಟವರ ಮನೆಯಿಂದಲೇ ಅಲ್ವಾ?

ಕ್ಯಾನ್‌ಬೆರಾ_ಕನ್ನಡತಿ

ನಮ್ಮಲ್ಲಿ ಈ ಚರ್ಚೆಯನ್ನು ಕಾನೂನೇ ಮುಗಿಸಿಬಿಟ್ಟಿದೆ. ಆಸ್ಟ್ರೇಲಿಯಾದ ರಾಜಧಾನಿ ಪ್ರದೇಶದಲ್ಲಿ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಬೆಕ್ಕುಗಳನ್ನು ಮಾಲೀಕರ ಜಾಗದೊಳಗೇ ಇಟ್ಟುಕೊಳ್ಳಬೇಕು. ಹೊರಗೆ ತಂದರೆ ಪಟ್ಟಿ ಹಾಕಿ, ಹಗ್ಗ ಹಿಡಿದು ತರಬೇಕು. ಅದಕ್ಕಿಂತ ಹಳೆಯ ಬೆಕ್ಕುಗಳಿಗೆ ವಿನಾಯಿತಿ ಇದೆ, ಅದೂ ಎಲ್ಲ ಬಡಾವಣೆಗಳಲ್ಲಿ ಅಲ್ಲ.

ನಾನು ಹಾಸನದವಳು. ಮೊದಲು ಕೇಳಿದಾಗ ಇದೇನು ಬೆಕ್ಕಿಗೆ ಜೈಲಾ ಅನ್ನಿಸಿತ್ತು. ಈಗ ಹಿತ್ತಲಿಗೆ ತಾಗಿದ ಹಾಗೆ ಬಲೆಯ ಪಂಜರ ಕಟ್ಟಿಸಿದ್ದೇವೆ, ಇಲ್ಲಿ ಅದಕ್ಕೆ ಕ್ಯಾಟಿಯೋ ಅನ್ನುತ್ತಾರೆ. ಕಿಟಕಿಯಿಂದ ಒಂದು ಸುರಂಗ, ಒಳಗೆ ಮರದ ದಿಮ್ಮಿ, ಮೂರು ಹಲಗೆ. ನಮ್ಮ ಹೆಣ್ಣುಬೆಕ್ಕು ಬಿಸಿಲು ಬಿದ್ದ ಕಡೆಗೆ ಹಲಗೆ ಬದಲಿಸುತ್ತಾ ಮಲಗುತ್ತಾಳೆ. ಗಿಣಿಗಳು ಬೇಲಿ ಮೇಲೆ ಕೂತು ಅವಳನ್ನೇ ಅಣಕಿಸುತ್ತವೆ. ಅವಳಿಗೆ ಹಲ್ಲು ಕಡಿಯುವುದೇ ಕೆಲಸ.

ಲೀಡ್ಸ್_ರಾಯರು

ಇಲ್ಲಿ ಪೂರಾ ಉಲ್ಟಾ. ಬ್ರಿಟನ್ನಿನಲ್ಲಿ ಹಿಂಬಾಗಿಲಿಗೆ ಬೆಕ್ಕಿನ ಕಿಂಡಿ ಇರುವುದೇ ಸಹಜ. ನಾವು ಆಶ್ರಯಧಾಮದಿಂದ ಬೆಕ್ಕು ತರಲು ಹೋದಾಗ ಮೊದಲ ಪ್ರಶ್ನೆಯೇ "ಗಾರ್ಡನ್ ಇದೆಯಾ?" ಇಲ್ಲದಿದ್ದರೆ ಕೆಲವು ಬೆಕ್ಕುಗಳನ್ನು ಕೊಡುವುದೇ ಇಲ್ಲ. ಇಲ್ಲಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಕೂಡ, ತೋಟದ ಹಕ್ಕಿಗಳ ಸಂಖ್ಯೆ ಬೆಕ್ಕಿನಿಂದಲೇ ಇಳಿಯುತ್ತಿದೆ ಅನ್ನಲು ಸ್ಪಷ್ಟ ಆಧಾರ ಇಲ್ಲ ಅನ್ನುತ್ತೆ. ಆದರೆ ಮೈಕ್ರೋಚಿಪ್ ಕಡ್ಡಾಯ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ, ಮರಿಗೆ 20 ವಾರ ಆಗುವುದರೊಳಗೆ ಹಾಕಿಸಬೇಕು.

ನಮ್ಮ ಬೆಕ್ಕು ಎರಡು ಮನೆಯಲ್ಲಿ ಊಟ ಮಾಡುತ್ತೆ. ಮೂರನೆಯದೂ ಇರಬಹುದು ಅನ್ನುವುದು ನನ್ನ ಹೆಂಡತಿಯ ಗುಮಾನಿ.

ಮೂರನೇ_ಮಹಡಿ

ರಾಯರೇ, ನಿಮ್ಮ ಬೀದಿಯಲ್ಲಿ ಬೀದಿನಾಯಿ ಎಷ್ಟಿವೆ?

ಲೀಡ್ಸ್_ರಾಯರು

ಒಂದೂ ಇಲ್ಲ. ಅರ್ಥವಾಯಿತು ಬಿಡಿ.

ಹಕ್ಕಿನೋಟ

ಯೂರೋಪಿನಲ್ಲೂ ಎಲ್ಲ ಕಡೆ ಬ್ರಿಟನ್ನಿನ ಹಾಗಿಲ್ಲ. ಜರ್ಮನಿಯ ವಾಲ್ಡಾರ್ಫ್ ಊರಲ್ಲಿ 2022ರಲ್ಲಿ ಊರಿನ ಒಂದು ಭಾಗದ ಬೆಕ್ಕುಗಳನ್ನು ಆಗಸ್ಟ್ ಕೊನೆಯವರೆಗೆ ಹೊರಗೆ ಬಿಡಬಾರದು ಅಂತ ಆದೇಶ ಬಂತು. ನೆಲದ ಮೇಲೆ ಗೂಡು ಕಟ್ಟುವ ಜುಟ್ಟಿನ ನೆಲಗುಬ್ಬಿ ಅಲ್ಲಿ ಕೆಲವೇ ಜೋಡಿ ಉಳಿದಿದ್ದವು. ಮರಿ ಹಾರುವ ತನಕ ಅಷ್ಟೇ. ನನಗೆ ಇದು ಒಪ್ಪಿಗೆ. ವರ್ಷಪೂರ್ತಿ ಬೇಡ, ನಮ್ಮಲ್ಲೂ ಹಕ್ಕಿಗಳು ಜಾಸ್ತಿ ಗೂಡು ಕಟ್ಟುವ ಬೇಸಿಗೆಯಿಂದ ಮಳೆಗಾಲದ ತನಕವಾದರೂ ಬೆಳಿಗ್ಗೆ ಸಂಜೆ ಒಳಗಿಟ್ಟುಕೊಳ್ಳಿ. ಬೆಕ್ಕಿನ ಬೇಟೆ ಜೋರು ಇರುವುದು ಆ ಎರಡು ಹೊತ್ತಿನಲ್ಲೇ.

ಅಡಿಕೆತೋಟ

ರಾತ್ರಿ ಇಲಿ ಬರುವ ಹೊತ್ತಿಗೆ ಬೆಕ್ಕನ್ನು ಒಳಗಿಡಬೇಕಾ?

ಹಕ್ಕಿನೋಟ

ನಿಮ್ಮ ಇಲಿ ಇರುವುದು ಅಟ್ಟದಲ್ಲಿ ಅಂದಿರಲ್ಲ ಸರ್. ಅಟ್ಟ ಮನೆಯೊಳಗೇ ಇದೆ.

ತುಳಸಿಕಟ್ಟೆ

ನಾನು ಬೆಕ್ಕು ಸಾಕಿಲ್ಲ, ಸಾಕುವವರ ಪಕ್ಕದ ಮನೆ ನಮ್ಮದು. ನನ್ನ ಅಹವಾಲೂ ಕೇಳಿ. ತಾರಸಿ ಮೇಲೆ ಕುಂಡದಲ್ಲಿ ಕೊತ್ತಂಬರಿ, ಮೆಂತ್ಯ ಹಾಕುತ್ತೇನೆ. ಮಣ್ಣು ಸಡಿಲ ಮಾಡಿ ಬೀಜ ಹಾಕಿದ ಮಾರನೇ ದಿನವೇ ಪಕ್ಕದವರ ಬೆಕ್ಕು ಬಂದು ಕೆದರಿ, ಕಕ್ಕ ಮಾಡಿ, ನೀಟಾಗಿ ಮುಚ್ಚಿ ಹೋಗುತ್ತೆ. ನಾನು ಬರಿಗೈಯಲ್ಲಿ ಮಣ್ಣು ಕೆದಕಿದಾಗ ಗೊತ್ತಾಗುತ್ತೆ. ಕೊನೆಗೆ ತುಳಸಿ ಕುಂಡಕ್ಕೂ ಕೈ ಹಾಕಿತು. ಹೇಳಿದರೆ "ಬೆಕ್ಕು ಅಲ್ವಾ ಆಂಟಿ, ಅದಕ್ಕೇನು ಗೊತ್ತಾಗುತ್ತೆ" ಅಂತಾರೆ. ಬೆಕ್ಕಿಗೆ ಗೊತ್ತಾಗಲ್ಲ ಸರಿ. ಅವರಿಗೆ ಗೊತ್ತಾಗಬೇಕಲ್ಲ?

ನಿಮ್ಮ ಬೆಕ್ಕಿಗೆ ಸ್ವಾತಂತ್ರ್ಯ ಬೇಕು ಅಂತ ನನ್ನ ತಾರಸಿಯನ್ನು ಕಕ್ಕಸು ಮಾಡುವುದು ಯಾವ ನ್ಯಾಯ? ಸದ್ಯಕ್ಕೆ ಕುಂಡದ ತುಂಬ ಬಾರ್ಬೆಕ್ಯೂ ಕಡ್ಡಿ ಚುಚ್ಚಿಟ್ಟಿದ್ದೇನೆ. ಬೆಕ್ಕು ಕಮ್ಮಿಯಾಗಿದೆ. ಪಕ್ಕದವರ ಜೊತೆ ಮಾತೂ ಕಮ್ಮಿಯಾಗಿದೆ.

ಗಾಂಧಿಬಜಾರ್

ಆಂಟಿ ಹೇಳಿದ್ದು ನ್ಯಾಯ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೊಸ_ಅಮ್ಮ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಮೂರು ತಿಂಗಳ ಗರ್ಭಿಣಿ. ಮನೆಯಲ್ಲಿ ಬೆಕ್ಕಿದೆ, ಸಂಜೆ ಹೊರಗೆ ಹೋಗಿ ಬರುತ್ತೆ. ಬೆಕ್ಕಿದ್ದರೆ ಮಗುವಿಗೆ ತೊಂದರೆ, ಎಲ್ಲಾದರೂ ಬಿಟ್ಟು ಬನ್ನಿ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ನಿಜವಾ ಡಾಕ್ಟರ್?

ಪಶುವೈದ್ಯೆ_ಹುಬ್ಬಳ್ಳಿ

ಬಿಟ್ಟು ಬರಬೇಡಿ ಅಕ್ಕಾ. ಅವರು ಹೇಳುತ್ತಿರುವುದು ಟಾಕ್ಸೋಪ್ಲಾಸ್ಮಾ ಅನ್ನುವ ಕಣ್ಣಿಗೆ ಕಾಣದ ಪರೋಪಜೀವಿಯ ವಿಷಯ. ಸೋಂಕು ತಗುಲಿದ ಇಲಿ, ಹಕ್ಕಿ, ಹಸಿ ಮಾಂಸ ತಿಂದ ಬೆಕ್ಕಿಗೆ ಅದು ಬರುತ್ತೆ. ಆಮೇಲೆ ಸ್ವಲ್ಪ ದಿನ ಅದರ ಕಕ್ಕದಲ್ಲಿ ಹೋಗುತ್ತೆ. ಹೊರಬಿದ್ದ ತಕ್ಷಣ ಅದು ಅಂಟುವುದಿಲ್ಲ, ಒಂದರಿಂದ ಐದು ದಿನ ಬೇಕು. ಹಾಗಾಗಿ ಟ್ರೇಯನ್ನು ದಿನಾ ಸ್ವಚ್ಛ ಮಾಡಿದರೆ ಅಪಾಯ ಬಹಳ ಕಮ್ಮಿ. ಆ ಕೆಲಸ ಮನೆಯಲ್ಲಿ ಬೇರೆಯವರು ಮಾಡಲಿ, ಒಂಬತ್ತು ತಿಂಗಳು ನಿಮಗೆ ರಜೆ. ಬೆಕ್ಕನ್ನು ಸದ್ಯ ಒಳಗೇ ಇಟ್ಟುಕೊಳ್ಳಿ, ಬೇಟೆ ನಿಲ್ಲುತ್ತೆ. ಗಿಡದ ಮಣ್ಣು ಮುಟ್ಟುವಾಗ ಕೈಗವಸು ಹಾಕಿ, ತರಕಾರಿ ಚೆನ್ನಾಗಿ ತೊಳೆಯಿರಿ, ಮಾಂಸ ತಿನ್ನುವವರಾದರೆ ಪೂರ್ತಿ ಬೇಯಿಸಿ ತಿನ್ನಿ. ಅರೆಬೆಂದ ಮಾಂಸದಿಂದಲೂ ಇದು ಬರುತ್ತೆ, ಅದನ್ನು ನಿಮ್ಮ ನೆಂಟರಿಗೂ ಹೇಳಿ. ನಿಮ್ಮ ಹೆರಿಗೆ ಡಾಕ್ಟರ ಹತ್ತಿರವೂ ಒಂದು ಮಾತು ಕೇಳಿ.

ತುಳಸಿಕಟ್ಟೆ ಆಂಟಿ, ನೀವೂ ಬರಿಗೈ ಬೇಡ.

ಪದ್ಮನಾಭನಗರ

ಒಳಗೇ ಇಟ್ಟರೆ ಎಲ್ಲ ಸರಿಹೋಗುತ್ತೆ ಅಂದುಕೊಳ್ಳಬೇಡಿ. ನಮ್ಮ ಗುಂಡ ಆಪರೇಷನ್ ಆದ ಗಂಡು, ಹೊರಗೆ ಕಾಲಿಟ್ಟವನಲ್ಲ. ದಿನವಿಡೀ ಬಟ್ಟಲು ತುಂಬ ಒಣ ಕಾಳು, ನಿದ್ದೆ, ಮತ್ತೆ ಕಾಳು. ಒಂದು ದಿನ ಟ್ರೇಗೆ ಹೋಗುತ್ತಾನೆ, ಕೂರುತ್ತಾನೆ, ಏನೂ ಬರುತ್ತಿಲ್ಲ. ಮಲಬದ್ಧತೆ ಇರಬೇಕು ಅಂದರು ಮನೆಯವರು. ಮೂತ್ರ ಕಟ್ಟಿತ್ತು. ನಾಳ ಹಾಕಿ ಬಿಡಿಸಿದರು, ಉಳಿದುಕೊಂಡ. ಈಗ ಒದ್ದೆ ಆಹಾರ, ಮನೆಯ ನಾಲ್ಕು ಕಡೆ ನೀರಿನ ಬಟ್ಟಲು, ಸಂಜೆ ದಾರಕ್ಕೆ ಗರಿ ಕಟ್ಟಿ ಓಡಿಸುತ್ತೇವೆ.

ಪಶುವೈದ್ಯೆ_ಹುಬ್ಬಳ್ಳಿ

ಇದನ್ನು ಎಲ್ಲರೂ ಓದಿ. ಗಂಡುಬೆಕ್ಕು ಪದೇ ಪದೇ ಕೂತು ಮೂತ್ರ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತೆ. ಮೈ ಬಂದ, ಒಣ ಆಹಾರವನ್ನೇ ತಿನ್ನುವ, ಮನೆಯೊಳಗೇ ಇರುವ ಗಂಡುಗಳಲ್ಲಿ ಇದು ಜಾಸ್ತಿ.

ಆಹಾರದ ಮಾತು ಬಂದಿದ್ದರಿಂದ ಸಾಗರದ ಅಕ್ಕನಿಗೆ ಒಂದು ಪ್ರಶ್ನೆ. ಕೆಂಚನಿಗೆ ಏನು ಹಾಕುತ್ತಿದ್ದೀರಿ?

ಸಾಗರದ_ಸೊಸೆ

ಹಾಲು ಅನ್ನ, ಮೊಸರನ್ನ, ಸ್ವಲ್ಪ ತುಪ್ಪ. ನಾವು ಸಸ್ಯಾಹಾರಿಗಳು. ಊರಲ್ಲೂ ಅದನ್ನೇ ತಿಂದು ಬೆಳೆದವನು, ಗಟ್ಟಿಮುಟ್ಟಾಗಿದ್ದಾನೆ.

ಪಶುವೈದ್ಯೆ_ಹುಬ್ಬಳ್ಳಿ

ಇದಕ್ಕೇ ಕೇಳಿದ್ದು. ಊರಲ್ಲಿ ನೀವು ಹಾಲು ಅನ್ನ ಹಾಕಿ ಸಾಕಿದಿರಿ ಅಂದುಕೊಂಡಿದ್ದೀರಿ. ಅವನನ್ನು ಸಾಕಿದ್ದು ತೋಟದ ಇಲಿ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು. ಅದು ಸಿಗುವುದು ಮಾಂಸ ಮೀನಿನಲ್ಲಿ. ನಮ್ಮ ದೇಹ ಅದನ್ನು ಮಾಡಿಕೊಳ್ಳುತ್ತೆ, ಬೆಕ್ಕಿನ ದೇಹ ಸಾಕಷ್ಟು ಮಾಡಿಕೊಳ್ಳಲಾರದು. ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣು ಹೋಗುತ್ತೆ, ಹೃದಯ ಊದಿಕೊಂಡು ಸೋಲುತ್ತೆ. ಹೃದಯದ ವಿಷಯ 1987ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಸಿದವು.

ಅಂದರೆ ಬೆಕ್ಕನ್ನು ಒಳಗಿಟ್ಟ ದಿನದಿಂದ ಇಲಿಯ ಜವಾಬ್ದಾರಿ ನಿಮ್ಮದು. ಮೊಸರನ್ನದಲ್ಲಿ ಅದು ಆಗುವುದಿಲ್ಲ. ಬೆಕ್ಕಿನ ಆಹಾರವನ್ನೇ ತರಬೇಕು, ನಾಯಿಯದ್ದು ಬೇಡ. ಹಾಲು ದೊಡ್ಡ ಬೆಕ್ಕುಗಳಿಗೆ ಎಷ್ಟೋ ಸಲ ಭೇದಿ ಮಾಡಿಸುತ್ತೆ, ನೀರು ಕೊಡಿ.

ಸಾಗರದ_ಸೊಸೆ

ಅಯ್ಯೋ, ಇದು ಯಾರಿಗೂ ಹೊಳೆದಿರಲಿಲ್ಲ. ಅತ್ತೆಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೀನಿನ ವಾಸನೆಯದ್ದು ಅಡುಗೆಮನೆಗೆ ಬರಬಾರದು, ಬಾಲ್ಕನಿಯಲ್ಲಿ ಇಡು, ಚಮಚ ಬೇರೆ" ಅಂದರು. ಅಂದರೆ ಒಪ್ಪಿದರು. ಯಜಮಾನರು ಆಪರೇಷನ್‌ಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸುತ್ತಿದ್ದಾರೆ.

ಈಗ ಬಾಲ್ಕನಿ ಪ್ರಶ್ನೆ. ಕಂಬಿಗಳ ನಡುವೆ ಅವನ ತಲೆ ಹೋಗುತ್ತೆ. ಬೆಕ್ಕು ಎಷ್ಟೇ ಎತ್ತರದಿಂದ ಬಿದ್ದರೂ ಕಾಲ ಮೇಲೇ ಬೀಳುತ್ತಲ್ಲ, ಅಷ್ಟು ಹೆದರಬೇಕಾ?

ಮೂರನೇ_ಮಹಡಿ

ಹೆದರಬೇಕು! ತಲೆ ಹೋದರೆ ಮೈಯೂ ಹೋಗುತ್ತೆ. ಕಾಲ ಮೇಲೆ ಬೀಳುವುದು ನಿಜ, ಕಾಲು ಉಳಿಯುತ್ತೆ ಅಂತ ಅಲ್ಲ. ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಒಂದು ವರದಿ ಬಂತು, ಅದರಲ್ಲಿ ಶೇ. 90 ಬದುಕಿದವು ಅಂತ ಎಲ್ಲರೂ ಹೇಳುತ್ತಾರೆ. ಅದು ಆಸ್ಪತ್ರೆಗೆ ತಂದ ಬೆಕ್ಕುಗಳ ಲೆಕ್ಕ. ಬಿದ್ದಲ್ಲೇ ಸತ್ತದ್ದನ್ನು ಯಾರು ಆಸ್ಪತ್ರೆಗೆ ಒಯ್ಯುತ್ತಾರೆ?

ಬಲೆ ಹಾಕಿಸಿ. ಪಾರಿವಾಳಕ್ಕೆ ಹಾಕುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಒಂದು ಮೂಲೆಯಲ್ಲಿ ಕಚ್ಚಿ ಕಚ್ಚಿ ತೂತು ಮಾಡುತ್ತೆ. ದಪ್ಪ ದಾರದ್ದು ಕೇಳಿ, ಕೆಳಗಿನ ಎರಡು ಮೂರು ಅಡಿಗೆ ತಂತಿ ಜಾಲರಿ ಹಾಕಿಸಿ. ಹಾಕುವವರು ನಾಲ್ಕು ಮೂಲೆಗೆ ಕೊಕ್ಕೆ ಹೊಡೆದು ಹೋಗಿಬಿಡುತ್ತಾರೆ. ನಿಂತು ನೋಡಿ, ಕೆಳಗಿನ ಅಂಚಿಗೆ ಗೇಣಿಗೊಂದು ಕೊಕ್ಕೆ ಹೊಡೆಸಿ, ಬೆಕ್ಕು ತಲೆ ತೂರಿಸುವುದು ಅಲ್ಲೇ. ವಾಷಿಂಗ್ ಮೆಷಿನ್ ಇಡುವ ಯುಟಿಲಿಟಿಯನ್ನು ಮರೆಯಬೇಡಿ. ಕಿಟಕಿಯ ಸೊಳ್ಳೆಪರದೆ ನಂಬಬೇಡಿ, ಪಾರಿವಾಳ ನೋಡಿ ಹಾರಿದರೆ ಪರದೆ ಸಮೇತ ಹೋಗುತ್ತೆ.

ಕ್ಯಾನ್‌ಬೆರಾ_ಕನ್ನಡತಿ

ಬಾಲ್ಕನಿಯಲ್ಲಿ ಎತ್ತರಕ್ಕೆ ಎರಡು ಹಲಗೆ ಹೊಡೆಸಿ ಅಕ್ಕಾ. ಬೆಕ್ಕಿಗೆ ನೆಲದ ವಿಸ್ತಾರಕ್ಕಿಂತ ಎತ್ತರ ಮುಖ್ಯ. ಮೇಲೆ ಕೂತು ರಸ್ತೆ ನೋಡಿದರೆ ಅದಕ್ಕೆ ಅರ್ಧ ದಿನದ ಕೆಲಸ ಆಯಿತು. ಹಳೆಯ ಗೋಣಿಚೀಲವನ್ನು ಕಂಬಕ್ಕೆ ಬಿಗಿಯಾಗಿ ಸುತ್ತಿ ಹೊಲಿಯಿರಿ, ಉಗುರು ಮಸೆಯಲು ಸೋಫಾ ಬಿಡುತ್ತಾನೆ.

ಪಶುವೈದ್ಯೆ_ಹುಬ್ಬಳ್ಳಿ

ಉಚ್ಚೆ ಹಾರಿಸಿದ ಜಾಗವನ್ನು ಫಿನಾಯಿಲ್ ಹಾಕಿ ತೊಳೆಯಬೇಡಿ. ಬೆಕ್ಕಿಗೆ ಅದು ವಿಷ, ಪಾದಕ್ಕೆ ಅಂಟಿದ್ದನ್ನು ನೆಕ್ಕುತ್ತೆ. ಜ್ವರ ಬಂದರೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಡುವುದೂ ಬೇಡ, ಅದು ಬೆಕ್ಕನ್ನು ಕೊಲ್ಲುತ್ತೆ.

ಗಾಂಧಿಬಜಾರ್

ಹೊರಗೆ ಬಿಡುವವರಿಗೂ ಏನಾದರೂ ಹೇಳಿ. ನಮ್ಮದು ನೆಲಮಹಡಿ, ಹಳೆಯ ಮನೆ, ಬೆಕ್ಕು ಹತ್ತು ವರ್ಷದ್ದು. ಈಗ ಕೂಡಿ ಹಾಕಿದರೆ ಅದು ಬದುಕಲ್ಲ, ನಾನೂ ಬದುಕಲ್ಲ. ಕೊರಳಿಗೆ ಗೆಜ್ಜೆ ಕಟ್ಟಿದರೆ ಹಕ್ಕಿನೋಟ ಸರ್‌ಗೆ ಸಮಾಧಾನವಾ?

ಹಕ್ಕಿನೋಟ

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕೇಳುತ್ತಿದ್ದರು, ನೀವು ಮುಂದೆ ಬಂದಿರಿ, ಸಂತೋಷ. ಆದರೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಣ್ಣಬಣ್ಣದ ಅಗಲ ಬಟ್ಟೆಯ ಕೊರಳಪಟ್ಟಿ ಹಾಕಿದಾಗ ಹಿಡಿದು ತರುವ ಹಕ್ಕಿ ಶೇ. 42 ಕಮ್ಮಿಯಾಯಿತು. ಹಕ್ಕಿಗೆ ಬಣ್ಣ ದೂರದಿಂದಲೇ ಕಾಣುತ್ತೆ. ಮಾಂಸ ಜಾಸ್ತಿ ಇರುವ ಆಹಾರ ಕೊಟ್ಟಾಗ ಒಟ್ಟು ಬೇಟೆ ಶೇ. 36, ದಿನಾ ಐದು ಹತ್ತು ನಿಮಿಷ ಆಡಿಸಿದಾಗ ಶೇ. 25 ಇಳಿಯಿತು. ಪಟ್ಟಿ ಮಾತ್ರ ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದು ಇರಲಿ, ಕೊಂಬೆಗೆ ಸಿಕ್ಕಿದರೆ ನೇಣಾಗುತ್ತೆ. ಹತ್ತು ವರ್ಷದ ಬೆಕ್ಕನ್ನು ಕೂಡಿ ಹಾಕಿ ಅಂತ ನಾನು ಹೇಳಲ್ಲ. ಮುಂದಿನದನ್ನು ಮರಿಯಿಂದಲೇ ಒಳಗೆ ಬೆಳೆಸಿ.

ಗಾಂಧಿಬಜಾರ್

ಮುಂದಿನದು ಬಂದಾಗ ಜಗಳ ಮುಂದುವರಿಸೋಣ.

ತುಳಸಿಕಟ್ಟೆ

ಆಡಿಸಿದರೆ ಕುಂಡ ಕೆದಕುವುದು ಎಷ್ಟು ಪರ್ಸೆಂಟ್ ಇಳಿಯುತ್ತೆ ಅಂತ ಯಾರೂ ಲೆಕ್ಕ ಹಾಕಿಲ್ವಾ?

ಅಡಿಕೆತೋಟ

ಡಾಕ್ಟ್ರೇ, ನಾನು ಗಂಡಿನ ವಿಷಯ ಬಿಟ್ಟೆ. ಮನೆಯಲ್ಲಿ ನಾಲ್ಕು ಹೆಣ್ಣು ಇವೆ. ವರ್ಷಕ್ಕೆ ಎರಡು ಸೂಲು ಮರಿ ಹಾಕುತ್ತವೆ. ಎಷ್ಟು ಅಂತ ಹಂಚೋದು, ಈಗ ನೆಂಟರು ನಮ್ಮ ಮನೆಗೆ ಬರುವಾಗ ಚೀಲವನ್ನೇ ತರುವುದಿಲ್ಲ. ಬೆಕ್ಕು ಹೊರಗೇ ಇರಲಿ, ಅದರಲ್ಲಿ ನನ್ನ ಮಾತು ಬದಲಿಲ್ಲ. ಆದರೆ ಹೆಣ್ಣುಗಳಿಗೆ ಆಪರೇಷನ್ ಮಾಡಿಸಬಹುದಾ? ಖರ್ಚು ತುಂಬ ಬರುತ್ತಾ?

ಪಶುವೈದ್ಯೆ_ಹುಬ್ಬಳ್ಳಿ

ಖಂಡಿತ ಮಾಡಿಸಿ. ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಹುದು, ಎರಡು ತಿಂಗಳಲ್ಲಿ ಮರಿ. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿನ ಆಸ್ಪತ್ರೆಯಲ್ಲಿ ಖರ್ಚು ಎಷ್ಟು ಅಂತ ವಿಚಾರಿಸಿ. ಒಂದೇ ದಿನ ನಾಲ್ಕನ್ನೂ ಒಯ್ಯಬೇಡಿ, ಎರಡೆರಡು. ಹಾಲು ಕುಡಿಯುವ ಮರಿ ಇರುವ ತಾಯಿಯನ್ನು ಸ್ವಲ್ಪ ದಿನ ಬಿಟ್ಟು ತನ್ನಿ. ರೇಬೀಸ್ ಲಸಿಕೆಯನ್ನೂ ಹಾಕಿಸಿಕೊಂಡು ಬನ್ನಿ.

ಅಡಿಕೆತೋಟ

ಹಿಡಿಯುವುದು ಹೇಗೆ? ಮೈ ಮುಟ್ಟಲು ಬಿಡುವುದು ಒಂದೇ. ಉಳಿದ ಮೂರು ಕೈ ಕಂಡರೆ ಹಂಚಿನ ಮೇಲೆ.

ಪಶುವೈದ್ಯೆ_ಹುಬ್ಬಳ್ಳಿ

ಅಟ್ಟಿಸಿಕೊಂಡು ಹೋಗಬೇಡಿ. ಬಾಗಿಲಿರುವ ಪಂಜರ ಅಥವಾ ಮುಚ್ಚಳ ಬಿಗಿಯಾಗುವ ಹಣ್ಣಿನ ಕ್ರೇಟ್ ತಗೊಂಡು ಬಚ್ಚಲ ಮೂಲೆಯಲ್ಲಿ ಇಡಿ, ತೆರೆದೇ ಇರಲಿ. ದಿನಾ ಊಟ ಅದರೊಳಗೇ. ಒಂದು ವಾರಕ್ಕೆ ರೂಢಿಯಾಗುತ್ತೆ. ಹಿಂದಿನ ರಾತ್ರಿ ಊಟ ಕೊಟ್ಟಾಗ ಒಳಗಿರುವಾಗಲೇ ಬಾಗಿಲು ಹಾಕಿ. ಬೆಳಿಗ್ಗೆ ಆಹಾರ ಕೊಡಬೇಡಿ, ಹೊಟ್ಟೆ ಖಾಲಿ ಇರಬೇಕು. ಮೇಲೆ ಒಂದು ಪಂಚೆ ಮುಚ್ಚಿ, ಕತ್ತಲಾದರೆ ಸುಮ್ಮನಿರುತ್ತವೆ. ಯಾರಿಗಾದರೂ ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿಗೆ ತೋರಿಸಿ.

ಕುಂದಾಪುರದವ

ಕ್ರೇಟ್ ಒಳಗೆ ಒಣಮೀನು ಇಡಿ. ಒಂದು ವಾರ ಬೇಕಾಗಿಲ್ಲ, ಅವತ್ತೇ ನಾಲ್ಕೂ ಒಳಗೆ.

ಅಡಿಕೆತೋಟ

ನಮ್ಮ ಮನೆಗೆ ಒಣಮೀನು ತಂದರೆ ಬೆಕ್ಕಿಗಿಂತ ಮೊದಲು ನಾನು ಹೊರಗೆ ಮಾರಾಯ. ಕೆನೆ ಇಟ್ಟು ನೋಡುತ್ತೇನೆ.